ಅಂಬಾಸಿಡರ್‌ಗೆ ಎರಡು ಕಾರ್ಬ್ಯುರೇಟರ್: ಗುಜರಿಯಲ್ಲಿ ಸಿಕ್ಕ ಮ್ಯಾನಿಫೋಲ್ಡ್

ನಮಸ್ಕಾರ. ಎಣ್ಣೆ, ಮಸಿ, ಧೂಳು ಮೂರೂ ಮೆತ್ತಿಕೊಂಡಿರುವ ಈ ಅಲ್ಯೂಮಿನಿಯಂ ತುಂಡನ್ನು ಮನೆಯವರು ಎರಡು ಬಾರಿ ಕಸಕ್ಕೆ ಹಾಕಲು ಹೊರಟಿದ್ದರು. ಇದು ಎಸ್‌ಯು ಎಂಬ ಬ್ರಿಟಿಷ್ ಹೆಸರಿನ ಜೋಡಿ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಸಾಧನ) ಕೂರಿಸುವ ಇನ್‌ಟೇಕ್ ಮ್ಯಾನಿಫೋಲ್ಡ್, ಅಂದರೆ ಆ ಮಿಶ್ರಣವನ್ನು ಎಂಜಿನ್‌ಗೆ ಒಯ್ಯುವ ಕೊಳವೆ. ಅಪ್ಪನ ಅಂಬಾಸಿಡರ್‌ಗೆಂದು ಹುಡುಕಿ ತಂದದ್ದು.

ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಬ್ರಿಟನ್ನಿನ ಬಿಎಂಸಿ ಕಾರು ಕಂಪನಿಯ ಬಿ-ಸೀರೀಸ್ ಕುಲದ್ದು. 1955ರಲ್ಲಿ ಬಂದ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲೂ ಇದೇ ಎಂಜಿನ್. ಒಂದೇ ಮನೆಯ ಅಣ್ಣತಮ್ಮಂದಿರಲ್ಲಿ ಒಬ್ಬನಿಗೆ ಎರಡು ಹೊತ್ತು ಊಟ, ಇನ್ನೊಬ್ಬನಿಗೆ ಒಂದೇ ಹೊತ್ತು ಎಂಬಂತೆ, ಅದಕ್ಕೆ ಎರಡು ಕಾರ್ಬ್ಯುರೇಟರ್, ನಮ್ಮದಕ್ಕೆ ಒಂದು. ಹಾಗೆಂದು ಎರಡನ್ನು ಕೂರಿಸಿದ ಕೂಡಲೇ ಎಂಜಿಎ ಆಗಿಬಿಡುವುದಿಲ್ಲ. ಅದರ ಕ್ಯಾಮ್ (ವಾಲ್ವ್ ತೆರೆಯುವ ಭಾಗ), ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತುವಿಕೆ) ಎಲ್ಲವೂ ಬೇರೆ. ಆ ಆಸೆಯಿಂದ ನೋಡುತ್ತಿರುವವರು ಈಗಲೇ ಬೇರೆ ವಿಡಿಯೊ ನೋಡಬಹುದು.

ಪುಣೆಯಲ್ಲಿ ಬುಧವಾರ, ಭಾನುವಾರ ನಡೆಯುವ ಜುನಾ ಬಜಾರಿನಲ್ಲಿ ಬಾಗಿಲ ಹಿಡಿಗಳು, ಹಾರ್ನ್‌ಗಳು ರಾಶಿ ಬಿದ್ದಿರುತ್ತವೆ, ಮ್ಯಾನಿಫೋಲ್ಡ್ ಇಲ್ಲ. ಮುಂಬೈಯ ಚೋರ್ ಬಜಾರಿನಲ್ಲಿ ಹಳೆಯ ಕಾರಿನ ಭಾಗವೆಂದರೆ ಈಗ ಗೋಡೆಗೆ ತೂಗುಹಾಕುವ ಅಲಂಕಾರ, ಬೆಲೆಯೂ ಅದಕ್ಕೆ ತಕ್ಕಂತೆ. ಕೊನೆಗೆ ಸಿಕ್ಕಿದ್ದು ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿ ಸಾಲಿನಲ್ಲಿ, ಲಾರಿಯ ಗೇರ್‌ಬಾಕ್ಸ್‌ಗಳ ಅಡಿಯಲ್ಲಿ. ಅಂಗಡಿಯ ಚಾಚಾ ಇದನ್ನು ಜೀಪಿನದು ಎಂದರು. ಅವರ ಲೆಕ್ಕದಲ್ಲಿ ಎಲ್ಲವೂ ಎಲ್ಲದಕ್ಕೂ ಕೂರುತ್ತದೆ. ಇಂಥ ಕಡೆ ಬಾಯಿಮಾತು ನಂಬದೆ ಚೀಲದಲ್ಲಿ ಒಂದು ಅಂಬಾಸಿಡರ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ (ಸೋರದಂತೆ ನಡುವೆ ಇಡುವ ತೆಳು ಹಾಳೆ) ಇಟ್ಟುಕೊಂಡು ಹೋಗಿ. ಅದರಲ್ಲಿ ಹೊಗೆ ಹೋಗುವ ಎಕ್ಸಾಸ್ಟ್, ಮಿಶ್ರಣ ಒಳಬರುವ ಇನ್‌ಟೇಕ್ ಸೇರಿ ಐದು ತೂತುಗಳು: ಎಕ್ಸಾಸ್ಟ್, ಇನ್‌ಟೇಕ್, ಎಕ್ಸಾಸ್ಟ್, ಇನ್‌ಟೇಕ್, ಎಕ್ಸಾಸ್ಟ್. ಎರಡು ಇನ್‌ಟೇಕ್ ತೂತುಗಳೂ ಸರಿಯಾಗಿ ಕೂತವು. ಚಾಚಾಗೆ ಕಾಣದಂತೆ ನಗುವುದು ಕಷ್ಟವಾಯಿತು.

ನಾಲ್ಕು ಸಿಲಿಂಡರಿಗೆ ಇನ್‌ಟೇಕ್ ದಾರಿ ಎರಡೇ, ಗಮನಿಸಿ. ಒಂದು ಮತ್ತು ಎರಡನೆಯ ಸಿಲಿಂಡರಿಗೆ ಒಂದು, ಮೂರು ಮತ್ತು ನಾಲ್ಕನೆಯದಕ್ಕೆ ಇನ್ನೊಂದು. ಸಿಲಿಂಡರುಗಳು ಉರಿಯುವ ಸರದಿ 1-3-4-2. ಹೀಗಾಗಿ ಒಂದು ದಾರಿಯನ್ನು ಇಬ್ಬರು ಬೆನ್ನುಬೆನ್ನಿಗೆ ಎಳೆಯುತ್ತಾರೆ, ಆಮೇಲೆ ದೀರ್ಘ ವಿರಾಮ. ಒಬ್ಬ ಎಳೆದು ಮುಗಿಸುವ ಮುನ್ನವೇ ಇನ್ನೊಬ್ಬ ಕೈ ಹಾಕಿರುತ್ತಾನೆ. ಈ ಏರುಪೇರನ್ನು ತಗ್ಗಿಸಲೆಂದೇ ಎರಡು ಕಾರ್ಬ್ಯುರೇಟರ್‌ಗಳ ನಡುವೆ ಎರಡನ್ನೂ ಕೂಡಿಸುವ ಬ್ಯಾಲೆನ್ಸ್ ಪೈಪ್ ಇರುತ್ತದೆ. ನನಗೆ ಸಿಕ್ಕ ತುಂಡಿನಲ್ಲಿ ಆ ಪೈಪ್ ಬಿರುಕುಬಿಟ್ಟಿತ್ತು. ಯಾರೋ ಪುಣ್ಯಾತ್ಮರು ಎಂ-ಸೀಲ್ ಅಂಟು ಮೆತ್ತಿ ಮುಚ್ಚಿದ್ದರು.

ಇದನ್ನು ಸರಿಮಾಡಿದ್ದು ಪುಣೆ ಪಕ್ಕದ ಭೋಸರಿಯ ವರ್ಕ್‌ಶಾಪಿನ ಕಾಕಾ, ಅವರು ನಮ್ಮ ಸಿಂದಗಿ ಕಡೆಯವರು. ಮೊದಲು ಎಂ-ಸೀಲ್ ಕೆರೆದು ತೆಗೆದು ಆರ್ಗಾನ್ ವೆಲ್ಡಿಂಗ್ ಮಾಡಿಸಿದರು. ಯಂತ್ರದಲ್ಲಿ ಮೈ ಕೆತ್ತಿ ಮಟ್ಟ ಮಾಡುವ ಮಿಲ್ಲಿಂಗ್ ಅದಾದ ಮೇಲೆ. ವೆಲ್ಡಿಂಗ್ ಕಾವಿಗೆ ಅಲ್ಯೂಮಿನಿಯಂ ಸೊಟ್ಟಗಾಗುತ್ತದೆ, ಮೊದಲೇ ಮಟ್ಟ ಮಾಡಿದರೆ ಕೂಲಿ ದಂಡ. ಒಳಗೋಡೆಯನ್ನು ಕನ್ನಡಿಯಂತೆ ಹೊಳೆಸೋಣವೇ ಎಂದು ಕೇಳಿದೆ. "ತಂಗಿ, ಮುಖ ನೋಡಿಕೊಳ್ಳಲು ಬೇಕಾದರೆ ಹೊಳೆಸುತ್ತೇನೆ" ಎಂದರು. ತೀರಾ ನುಣುಪಾದ ಗೋಡೆಯ ಮೇಲೆ ಪೆಟ್ರೋಲ್ ಹನಿಗಳು ಕೂಡಿ ಹರಿಯುತ್ತವೆ. ಎರಕದ ಏಣುಗಳನ್ನಷ್ಟೇ ಡೈ ಗ್ರೈಂಡರ್‌ನಿಂದ ತೆಗೆದು, ಗ್ಯಾಸ್ಕೆಟ್ ಇಟ್ಟು ಗೀಚಿದ ಗೆರೆಯವರೆಗೆ ಬಾಯಿಯನ್ನು ಅಗಲಿಸಿದರು. ಗೆರೆ ದಾಟಿಸಲಿಲ್ಲ. ಹೆಡ್‌ನ (ಸಿಲಿಂಡರುಗಳ ಮೇಲಿನ ಮುಚ್ಚಳದ) ತೂತಿಗಿಂತ ಮ್ಯಾನಿಫೋಲ್ಡ್‌ನ ಬಾಯಿ ದೊಡ್ಡದಾದರೆ ಬರುವ ಗಾಳಿ ಅಂಚಿಗೆ ಬಡಿಯುತ್ತದೆ.

ಈಗ ಈ ಕ್ಲೋಸಪ್ ನೋಡಿ, ನನ್ನ ಮಟ್ಟಿಗೆ ಇಡೀ ಕೆಲಸದ ಜೀವಾಳ ಇಲ್ಲಿದೆ. ಎರಡೂ ಮ್ಯಾನಿಫೋಲ್ಡ್‌ಗಳನ್ನು ಹೆಡ್‌ಗೆ ಬಿಗಿಯುವ ಸ್ಟಡ್ (ಮರೆಯಿರುವ ಕಂಬಿ) ಇರುವುದು ಇನ್‌ಟೇಕ್ ಮತ್ತು ಎಕ್ಸಾಸ್ಟ್ ನಡುವೆ. ಒಂದೇ ದಪ್ಪ ವಾಷರ್ ಅರ್ಧ ಇದರ ಕಿವಿಯ (ಹೊರಚಾಚಿದ ಅಂಚಿನ) ಮೇಲೆ, ಅರ್ಧ ಅದರ ಕಿವಿಯ ಮೇಲೆ ಕೂರುತ್ತದೆ. ಮಿಲ್ಲಿಂಗ್‌ನಲ್ಲಿ ಇನ್‌ಟೇಕ್ ತೆಳುವಾಗಿದೆ, ಎಕ್ಸಾಸ್ಟ್ ಹಾಗೆಯೇ ಇದೆ. ವಾಷರ್ ಓರೆಯಾಗಿ ಎಕ್ಸಾಸ್ಟನ್ನು ಮಾತ್ರ ಒತ್ತುತ್ತದೆ. ಇನ್‌ಟೇಕ್ ಕಡೆ ಸಂದು ಅಳೆಯುವ ಫೀಲರ್ ಗೇಜ್‌ನ 0.4 ಮಿಲಿಮೀಟರ್ ಎಲೆ ಸಲೀಸಾಗಿ ಹೋಯಿತು. ಇದನ್ನು ಬಿಟ್ಟು ಎಷ್ಟು ಬಿಗಿದರೂ ಗಾಳಿ ಸೋರುತ್ತದೆ, ಐಡ್ಲಿಂಗ್ (ಕಾರು ನಿಂತಾಗ ಎಂಜಿನ್ ಓಡುವ ವೇಗ) ಒಂದೇ ಸಮ ಇರುವುದಿಲ್ಲ, ಪಾಪ ಕಾರ್ಬ್ಯುರೇಟರ್ ಬೈಗುಳ ತಿನ್ನುತ್ತದೆ. ಕಾಕಾ ಎಕ್ಸಾಸ್ಟ್‌ನ ಕಿವಿಗಳ ಹೊರಮೈಯನ್ನು ಅಷ್ಟೇ ಇಳಿಸಿದರು. ವಾಷರ್ ಈಗ ಎರಡರ ಮೇಲೂ ಸಮನಾಗಿ ಕೂತಿದೆ.

ಕಾರ್ಬ್ಯುರೇಟರ್ ಹೊಂದಿಸಲು ನಾನು ಬಳಸಿದ್ದು ಗಜದುದ್ದದ ರಬ್ಬರ್ ಪೈಪ್. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರ್ ಬಾಯಿಗೆ. ಎರಡರ ಸುಯ್ ಶಬ್ದ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಬೇಕು. ಪುಣೆಯ ಕಾತ್ರಜ್ ಘಾಟಿಯ ಏರನ್ನು ಕಾರು ಮೂರನೇ ಗೇರಿನಲ್ಲಿ ಮೊದಲಿಗಿಂತ ಸಲೀಸಾಗಿ ಏರುತ್ತದೆ. ಅಪ್ಪ ಕೇಳಿದ್ದು ಮೈಲೇಜ್ ಮಾತ್ರ, ಮಾತು ಬದಲಿಸಿದ್ದೇನೆ.

ಕಾರ್ಬ್ಯುರೇಟರ್‌ಗಳ ಎರಡೂ ಥ್ರಾಟಲ್‌ಗಳನ್ನು (ಗಾಳಿ ಬಿಡುವ ಕದಗಳನ್ನು) ಜೋಡಿಸುವ ಕಡ್ಡಿಯ ಹಳೆಯ ಕ್ಲಾಂಪುಗಳು ಇನ್ನೂ ಸಿಕ್ಕಿಲ್ಲ, ಲೇತ್‌ನಲ್ಲಿ ಮಾಡಿಸಿದವನ್ನೇ ಹಾಕಿದ್ದೇನೆ. ನಿಮ್ಮ ಬಳಿ ಇದ್ದರೆ ತಿಳಿಸಿ. ಬೆಲೆ ಹೇಳುವ ಮುನ್ನ ಫೋಟೊ ಕಳಿಸಿ, ಜೀಪಿನದಾದರೆ ಬೇಡ.