ಮೊಡವೆಯ ಸ್ಟ್ರಾಂಗ್ ಮಾತ್ರೆಗೆ ಡಾಕ್ಟ್ರು ಯಾಕೆ ಹಿಂದೆಮುಂದೆ ನೋಡ್ತಾರೆ?

ನಮಸ್ಕಾರ. ಕೆನ್ನೆ, ದವಡೆ, ಬೆನ್ನು, ಎಲ್ಲಾ ಕಡೆ ಗಂಟು ಗಂಟಾಗಿ ಮೊಡವೆ. ಮುಟ್ಟಿದರೆ ನೋವು, ಒಡೆದರೆ ಕೀವು, ವಾಸಿಯಾದರೆ ಗುಳಿ. ಜಯನಗರದಲ್ಲೋ ಮಲ್ಲೇಶ್ವರದಲ್ಲೋ ಸ್ಕಿನ್ ಡಾಕ್ಟ್ರನ್ನ ನೋಡಿದ್ದಾಯ್ತು. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಕೊಟ್ಟರು, ಆಮೇಲೆ ಅಜಿಥ್ರೋಮೈಸಿನ್ ಅನ್ನೋ ಇನ್ನೊಂದು, ಮತ್ತೆ ಡಾಕ್ಸಿಸೈಕ್ಲಿನ್, ಜೊತೆಗೊಂದು ಫೇಸ್‌ವಾಶ್. ವರ್ಷ ಕಳೆದರೂ ಐಸೋಟ್ರೆಟಿನಾಯಿನ್ ಅನ್ನೋ ಹೆಸರು ಬಾಯಿಗೆ ಬರಲ್ಲ. ನೀವೇ ಬಾಯಿಬಿಟ್ಟು ಕೇಳಿದರೆ, "ಅದು ಸ್ಟ್ರಾಂಗು, ಈಗಲೇ ಬೇಡ, ನೋಡೋಣ" ಅಂತಾರೆ.

ಆ "ನೋಡೋಣ" ಎಲ್ಲಿಂದ ಬರುತ್ತೆ ಅನ್ನೋದೇ ಇವತ್ತಿನ ವಿಷಯ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ: ಡಾಕ್ಟ್ರ ಹೆದರಿಕೆಗೆ ಕಾರಣ ಇದೆ. ಆದರೆ ಆ ಹೆದರಿಕೆ ಬೇಡದ ಕಡೆ ಜಾಸ್ತಿ, ಬೇಕಾದ ಕಡೆ ಕಮ್ಮಿ.

ಮೊದಲು ಮಾತ್ರೆ ಏನು ಅಂತ ನೋಡಿ. ಇದು ವಿಟಮಿನ್ ಎ ಕುಟುಂಬದ್ದು. 1982ರಲ್ಲಿ ಅಮೆರಿಕದಲ್ಲಿ ರೋಶ್ ಕಂಪನಿಯ ಅಕ್ಯುಟೇನ್ ಆಗಿ ಬಂತು. ಬೇರೆ ಮೊಡವೆ ಔಷಧಿಗಳು ಮಾಡದ ಕೆಲಸ ಇದು ಮಾಡುತ್ತೆ, ಚರ್ಮದ ಎಣ್ಣೆ ಗ್ರಂಥಿಯನ್ನೇ ಕುಗ್ಗಿಸುತ್ತೆ. ಎಣ್ಣೆ ಬತ್ತಿದ ಮೇಲೆ ರಂಧ್ರ ಕಟ್ಟಿಕೊಳ್ಳೋದು ನಿಲ್ಲುತ್ತೆ, ಅಲ್ಲಿನ ಬ್ಯಾಕ್ಟೀರಿಯಾಕ್ಕೆ ಆಹಾರ ಸಿಗಲ್ಲ, ಊತ ಇಳಿಯುತ್ತೆ. ಕೋರ್ಸ್ ಪೂರ್ತಿ ಮುಗಿಸಿದ ಬಹಳ ಜನಕ್ಕೆ ವರ್ಷಗಟ್ಟಲೆ ತೊಂದರೆ ಇರಲ್ಲ.

ಪೂರ್ತಿ ಅಂದರೆ ಎಷ್ಟು? ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.5ರಿಂದ 1 ಮಿಲಿಗ್ರಾಂ. ಎಲ್ಲಾ ಸೇರಿ ಕಿಲೋಗೆ 120ರಿಂದ 150 ಮಿಲಿಗ್ರಾಂ ಮುಟ್ಟಬೇಕು ಅನ್ನೋದು ಬಳಕೆಯಲ್ಲಿರೋ ಲೆಕ್ಕ. 60 ಕಿಲೋ ಇರೋರಿಗೆ ಕನಿಷ್ಠ 7,200 ಮಿಲಿಗ್ರಾಂ ಆಯ್ತು. ದಿನಕ್ಕೆ 40 ತಗೊಂಡರೆ ಆರು ತಿಂಗಳು, 20 ಆದರೆ ಹೆಚ್ಚುಕಮ್ಮಿ ಒಂದು ವರ್ಷ. ದಿನಕ್ಕೆ 10ರಂತೆ ಎರಡು ತಿಂಗಳು ನುಂಗಿ "ನಂಗಿದು ಆಗಿಬರಲಿಲ್ಲ" ಅನ್ನೋರು ತಗೊಂಡಿರೋದು 600 ಮಿಲಿಗ್ರಾಂ, ಹನ್ನೆರಡರಲ್ಲಿ ಒಂದು ಪಾಲು. ಸಾಧಾರಣ ಮೊಡವೆಗೆ ಕಡಿಮೆ ಡೋಸಲ್ಲೇ ಕೆಲಸ ಆಗೋದುಂಟು. ಗಂಟು ಮೊಡವೆಗೆ ಅರ್ಧಕ್ಕೇ ಬಿಟ್ಟರೆ ಮರಳಿ ಬರೋ ಸಾಧ್ಯತೆ ಜಾಸ್ತಿ.

ಈಗ ನಿಜವಾದ ಅಪಾಯ. ಬಸಿರಿನ ಮೊದಲ ವಾರಗಳಲ್ಲಿ ಈ ಔಷಧಿ ಮೈಯಲ್ಲಿದ್ದರೆ ಮಗುವಿನ ಕಿವಿ, ಮುಖ, ಹೃದಯ, ಮೆದುಳು ಕೆಡಬಹುದು, ಗರ್ಭಪಾತವೂ ಆಗಬಹುದು. ಡೋಸ್ ಕಮ್ಮಿ ಇತ್ತು, ನಾಲ್ಕೇ ದಿನ ತಗೊಂಡಿದ್ದು ಅಂತ ಇದರಲ್ಲಿ ವಿನಾಯಿತಿ ಇಲ್ಲ. 1985ರ ಹೊತ್ತಿಗೇ ಇದು ವೈದ್ಯಕೀಯ ಪತ್ರಿಕೆಗಳಲ್ಲಿ ವಿವರವಾಗಿ ಬಂದಿತ್ತು. ಅಮೆರಿಕದಲ್ಲಿ 2006ರಿಂದ ಐಪ್ಲೆಡ್ಜ್ ಅನ್ನೋ ನೋಂದಣಿ ವ್ಯವಸ್ಥೆ ಇದೆ. ಡಾಕ್ಟ್ರು, ಔಷಧಿ ಅಂಗಡಿ, ರೋಗಿ ಎಲ್ಲರೂ ಅದರಲ್ಲಿ ಹೆಸರು ಬರೆಸಬೇಕು, ಒಂದು ಸಲಕ್ಕೆ 30 ದಿನದ ಮಾತ್ರೆ ಮಾತ್ರ. ನಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲ. ಚೀಟಿ ಇಲ್ಲದೆ ಮಾರಬಾರದು ಅನ್ನೋ ಶೆಡ್ಯೂಲ್ ಎಚ್ ಎಚ್ಚರಿಕೆ ಸ್ಟ್ರಿಪ್ ಮೇಲೆ ಇರುತ್ತೆ, ಅಷ್ಟೆ. ಹಾಗಾಗಿ ಒಂದು ಇಡೀ ವ್ಯವಸ್ಥೆ ಮಾಡಬೇಕಾದ ಕೆಲಸ, ಹೊರಗೆ ಟೋಕನ್ ಹಿಡಿದು ಕಾಯ್ತಿರೋ ಜನರ ನಡುವೆ, ಒಬ್ಬ ಡಾಕ್ಟ್ರ ಕೆಲವೇ ನಿಮಿಷದ ಮೇಲೆ ಬೀಳುತ್ತೆ.

ಆ ಕೆಲವು ನಿಮಿಷದಲ್ಲಿ ನಡೆಯೋದೇನು? "ಮದುವೆ ಆಗಿದೆಯೇನಮ್ಮಾ?" ಅನ್ನೋ ಒಂದು ಪ್ರಶ್ನೆ. ಪಕ್ಕದಲ್ಲಿ ಅಮ್ಮ ಕೂತಿರ್ತಾರೆ. ಹುಡುಗಿ ಇಲ್ಲ ಅಂತ ತಲೆ ಆಡಿಸ್ತಾಳೆ. ಇಲ್ಲಿಂದ ದಾರಿ ಎರಡಾಗುತ್ತೆ. ಕೆಲವರು "ಹಾಗಾದ್ರೆ ತೊಂದರೆ ಇಲ್ಲ" ಅಂತ ಗರ್ಭನಿರೋಧಕದ ಸುದ್ದಿಯೇ ಎತ್ತದೆ ಚೀಟಿ ಬರೀತಾರೆ. ಇನ್ನು ಕೆಲವರು "ಮುಂದೆ ಮದುವೆ ಆಗಬೇಕಾದ ಹುಡುಗಿ" ಅಂತ ಹೆದರಿ ಬರೆಯೋದೇ ಇಲ್ಲ. ನಮ್ಮ ಪ್ರಕಾರ ಎರಡೂ ತಪ್ಪು. ಮದುವೆ ಆಗಿಲ್ಲ ಅನ್ನೋದು ಗರ್ಭನಿರೋಧಕ ಅಲ್ಲ. ಅಮ್ಮನನ್ನ ಎರಡು ನಿಮಿಷ ಹೊರಗೆ ಕೂರಿಸಿ, ಹುಡುಗಿಯನ್ನ ಮುಜುಗರ ಆಗದ ಹಾಗೆ ನೇರವಾಗಿ ಕೇಳಬೇಕು. ಶುರು ಮಾಡೋ ಮೊದಲು ಬಸಿರಿನ ಪರೀಕ್ಷೆ, ಆಮೇಲೂ ತಿಂಗಳಿಗೊಮ್ಮೆ. ಒಂದು ತಿಂಗಳು ಮೊದಲಿಂದ ಹಿಡಿದು ಕೊನೇ ಮಾತ್ರೆ ಆದ ಒಂದು ತಿಂಗಳವರೆಗೆ ಬಸಿರು ಆಗಬಾರದು. ಇಷ್ಟನ್ನ ಬಾಯಲ್ಲಿ ಹೇಳಿ, ಚೀಟಿಯಲ್ಲೂ ಬರೆದುಕೊಟ್ಟರೆ ಹೆದರಿಕೆ ಮುಕ್ಕಾಲು ಪಾಲು ಇಳಿಯುತ್ತೆ.

ಮುಂದೆ ಮಕ್ಕಳೇ ಆಗಲ್ಲ ಅನ್ನೋ ಗುಸುಗುಸು ಇದೆಯಲ್ಲ, ಅದಕ್ಕೆ ಆಧಾರ ಇಲ್ಲ. ನಿಲ್ಲಿಸಿ ಒಂದು ತಿಂಗಳಾದ ಮೇಲೆ ಬಸಿರಾಗೋಕೆ ಅಡ್ಡಿ ಇಲ್ಲ. ಮೂರು ವರ್ಷ ಕಾಯಬೇಕಾಗಿರೋದು ಸೋರಿಯಾಸಿಸ್‌ಗೆ ಕೊಡೋ ಅಸಿಟ್ರೆಟಿನ್ ತಗೊಂಡಾಗ. ಅದು ಇದರ ದಾಯಾದಿ, ಬೇರೆಯದೇ ಮಾತ್ರೆ.

ಲಗ್ನದ ಲೆಕ್ಕವೂ ಇಲ್ಲೇ ಹೇಳಬೇಕು. ಫೆಬ್ರವರಿಗೆ ಮದುವೆ ಗೊತ್ತಾಗಿ, ಡಿಸೆಂಬರಲ್ಲಿ ಕ್ಲಿನಿಕ್ಕಿಗೆ ಬಂದರೆ ಯಾವ ಡಾಕ್ಟ್ರೂ ಕೊಡಲ್ಲ, ಕೊಡಲೂಬಾರದು. ಆರು ತಿಂಗಳ ಕೋರ್ಸು, ಮೇಲೊಂದು ತಿಂಗಳು. ಅಂದರೆ ಜೂನ್ ಕೊನೆಗೆ ಶುರುವಾಗಿರಬೇಕಿತ್ತು. ಸಾಲದ್ದಕ್ಕೆ ಮೊದಲ ತಿಂಗಳು ಕೆಲವರಿಗೆ ಮೊಡವೆ ಇಳಿಯೋ ಬದಲು ಏರುತ್ತೆ, ಅದಕ್ಕೇ ಸಣ್ಣ ಡೋಸಲ್ಲಿ ಆರಂಭಿಸೋದು.

ಲಿವರ್ ವಿಷಯಕ್ಕೆ ಬರೋಣ. "ಲಿವರ್ ಹೋಗಿಬಿಡುತ್ತೆ" ಅನ್ನೋ ಮಾತು ನೆಂಟರಿಷ್ಟರ ಬಾಯಲ್ಲಿ ಓಡಾಡುತ್ತೆ, ಕೆಲವು ಡಾಕ್ಟ್ರೂ ಇದನ್ನೇ ಮುಂದಿಡ್ತಾರೆ. ಆದರೆ ಇದು ರಕ್ತ ಪರೀಕ್ಷೆಯಲ್ಲಿ ಕಾಣೋ ವಿಷಯ. ಶುರುವಿನಲ್ಲಿ ಒಂದು ಲಿವರ್ ಪರೀಕ್ಷೆ, ಖಾಲಿ ಹೊಟ್ಟೇಲಿ ಒಂದು ಲಿಪಿಡ್ ಪ್ರೊಫೈಲು, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ. ಡೋಸ್ ಏರಿಸಿದ ಮೇಲೆ, ಸಾಮಾನ್ಯವಾಗಿ ಎರಡನೇ ತಿಂಗಳ ಸುಮಾರಿಗೆ, ಇನ್ನೊಂದು ಸಲ. ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಸ್ವಲ್ಪ ಏರೋದು ಮಾಮೂಲು. 500 ದಾಟಿದರೆ ಡೋಸ್ ಇಳಿಸೋದೋ ನಿಲ್ಲಿಸೋದೋ ಯೋಚಿಸ್ತಾರೆ. ಯಾಕಂದ್ರೆ ವಿಪರೀತ ಏರಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳೋ ಅಪಾಯ ಇದೆ. ವೀಕೆಂಡಿನ ಬಿಯರ್ ಇದಕ್ಕೆ ಇನ್ನಷ್ಟು ಕೈಜೋಡಿಸುತ್ತೆ.

ಈ ಊರಲ್ಲಿ ಜಿಮ್‌ನಿಂದ ಆಗೋ ಒಂದು ಗೊಂದಲವೂ ಇದೆ. ಹಿಂದಿನ ದಿನ ಭಾರ ಎತ್ತಿ ಬಂದವನ ಲಿವರ್ ರಿಪೋರ್ಟಲ್ಲಿ ಎಸ್‌ಜಿಒಟಿ ಏರಿರುತ್ತೆ. ಅದು ಸ್ನಾಯುವಿನಲ್ಲೂ ಇರೋ ಕಿಣ್ವ. ಲಿವರ್ ಕೆಟ್ಟಿತು ಅಂತ ಮಾತ್ರೆ ನಿಲ್ಲಿಸಿಬಿಡ್ತಾರೆ. ಸ್ನಾಯುವಿನ ಸುಳಿವು ಕೊಡೋ ಸಿಪಿಕೆ, ಲಿವರಿನ ಸುಳಿವು ಕೊಡೋ ಜಿಜಿಟಿ ಅನ್ನೋ ರಕ್ತ ಪರೀಕ್ಷೆಗಳನ್ನ ನೋಡಿ, ಕೆಲವು ದಿನ ಜಿಮ್ ಬಿಡಿಸಿ ಮತ್ತೆ ಪರೀಕ್ಷೆ ಮಾಡಿದರೆ ಗೊತ್ತಾಗುತ್ತೆ. ಇನ್ನು ಜಿಮ್ಮಲ್ಲಿ ಯಾರೋ ಕೊಟ್ಟ ಸ್ಟೆರಾಯ್ಡ್ ಇಂಜೆಕ್ಷನ್ ಮುಚ್ಚಿಟ್ಟರೆ ಡಾಕ್ಟ್ರು ಏನು ಕೊಟ್ಟರೂ ಪ್ರಯೋಜನ ಕಮ್ಮಿ. ಮೊಡವೆ ಬರಿಸ್ತಾ ಇರೋದೇ ಅದಾಗಿರಬಹುದು. ಮೆಡಿಕಲ್ ಶಾಪಲ್ಲಿ ಕೇಳಿ ತಂದ ಬೆಟಾಮೆಥಸೋನ್ ಅನ್ನೋ ಸ್ಟೆರಾಯ್ಡ್ ಕ್ರೀಮಿಗೂ ಇದೇ ಮಾತು.

ಮನಸ್ಸಿನ ಮೇಲೆ ಪರಿಣಾಮ? ದೊಡ್ಡ ಜನಸಮೂಹದ ಅಧ್ಯಯನಗಳನ್ನ ಒಟ್ಟುಗೂಡಿಸಿ ನೋಡಿದಾಗ ಖಿನ್ನತೆ ಹೆಚ್ಚಿದ್ದು ಕಂಡಿಲ್ಲ. ಹಾಗಂತ ಯಾರಿಗೂ ಆಗಲ್ಲ ಅಂತಲೂ ಅಲ್ಲ, ಒಬ್ಬೊಬ್ಬರಲ್ಲಿ ಏರುಪೇರು ಆಗಬಹುದು. ಹಿಂದೆ ಖಿನ್ನತೆ ಇದ್ದರೆ ಮೊದಲೇ ಹೇಳಿ. ನಿದ್ದೆ ಕೆಟ್ಟು, ಮಂಕು ಕವಿದು, ಸಾಯೋ ಯೋಚನೆ ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಡಾಕ್ಟ್ರಿಗೆ ತಿಳಿಸಿ. ಮುಖ ತುಂಬ ಕೀವು ಹೊತ್ತು ಕಾಲೇಜಿಗೆ ಹೋಗೋ 19ರ ಹುಡುಗನ ಮನಸ್ಸೇನು ಮೊದಲೇ ಹಗುರ ಇರುತ್ತಾ? ಮಾತ್ರೆ ಕೊಡದೇ ಇರೋದಕ್ಕೂ ಒಂದು ಅಡ್ಡಪರಿಣಾಮ ಇದೆ ಅನ್ನೋದನ್ನ ಲೆಕ್ಕಕ್ಕೆ ಹಿಡಿಯೋರು ಕಮ್ಮಿ. ಗುಳಿಬಿದ್ದ ಕಲೆಗೆ ಆಮೇಲೆ ಲೇಸರ್, ಸಬ್ಸಿಷನ್ (ಸೂಜಿಯಿಂದ ಕಲೆಯ ಅಡಿ ಬಿಡಿಸೋದು) ಅಂತ ಎಷ್ಟು ಸುರಿದರೂ ಚರ್ಮ ಪೂರ್ತಿ ಮೊದಲಿನಂತಾಗಲ್ಲ. ಆಂಟಿಬಯಾಟಿಕ್ ಮೂರು ತಿಂಗಳಿಗಿಂತ ಎಳೆಯಬಾರದು, ಮೊಡವೆಗೆ ಹಚ್ಚೋ ಬೆಂಜಾಯ್ಲ್ ಪೆರಾಕ್ಸೈಡ್ ಜೊತೆಗಿಲ್ಲದೆ ಕೊಡಬಾರದು ಅನ್ನೋದು ಸ್ಕಿನ್ ಡಾಕ್ಟ್ರಿಗೆ ಗೊತ್ತಿರೋ ನಿಯಮ. ಮೂರು ತಿಂಗಳು ದಾಟಿ, ಹೊಸ ಗಂಟು ಬರ್ತಾನೇ ಇದ್ದು, ಗುಳಿ ಬೀಳ್ತಾ ಇದ್ದರೂ "ನೋಡೋಣ" ಅಂದರೆ ಅದನ್ನ ಎಚ್ಚರಿಕೆ ಅಂತ ನಾವು ಕರೆಯಲ್ಲ.

ಡಾಕ್ಟ್ರ ಪರವಾಗಿಯೂ ಒಂದು ಮಾತಿದೆ. ಅವರು ಹೆಚ್ಚು ಹೆದರೋದು ನೀವು ವಾಪಸ್ ಬರ್ತೀರೋ ಇಲ್ಲವೋ ಅನ್ನೋದಕ್ಕೆ. ಪಿಜಿ ಬದಲಾಗುತ್ತೆ, ಕೆಲಸ ಬದಲಾಗುತ್ತೆ, ಕೋರಮಂಗಲದ ಹುಡುಗಿ ವೈಟ್‌ಫೀಲ್ಡಿಗೆ ಹೋಗ್ತಾಳೆ, ಹಳೇ ಚೀಟಿ ತೋರಿಸಿದರೆ ಅಂಗಡಿಯವರು ಇನ್ನೆರಡು ಸ್ಟ್ರಿಪ್ ಕೊಟ್ಟುಬಿಡ್ತಾರೆ. ಆರು ತಿಂಗಳು ತಿಂಗಳಿಗೊಮ್ಮೆ ಬರ್ತೀನಿ, ಪರೀಕ್ಷೆ ಮಾಡಿಸ್ತೀನಿ ಅಂತ ನೀವೇ ಮೊದಲು ಹೇಳಿ. ಹಳೇ ಚೀಟಿಗಳನ್ನ, ಮೊದಲಿನ ತಿಂಗಳುಗಳ ಫೋಟೋಗಳನ್ನ ತಗೊಂಡು ಹೋಗಿ. ಯಾವ ಔಷಧಿ ಎಷ್ಟು ವಾರ ಅನ್ನೋದು ಬರೆದಿರಲಿ. ಮುಟ್ಟು ಏರುಪೇರಾಗಿದ್ದು ಪಿಸಿಓಡಿ (ಅಂಡಾಶಯದ ಹಾರ್ಮೋನ್ ತೊಂದರೆ) ಅನುಮಾನ ಇದ್ದರೆ ಅದನ್ನೂ ಹೇಳಿ, ಆಗ ದಾರಿಯೇ ಬೇರೆ ಇರಬಹುದು.

ಶುರುವಾದ ಮೇಲೆ ಕೆಡೋದು ಸಣ್ಣ ವಿಷಯಗಳಲ್ಲಿ. ಬೆಳಿಗ್ಗೆ ಬರೀ ಕಾಫಿ ಜೊತೆ ನುಂಗಿದರೆ ಔಷಧಿ ಅರ್ಧದಷ್ಟೂ ಹತ್ತಲ್ಲ, ಜಿಡ್ಡು ಇರೋ ಊಟದ ಜೊತೆ ತಗೊಳ್ಳಿ. ಡಾಕ್ಸಿಸೈಕ್ಲಿನ್ ಜೊತೆ ಬೇಡವೇ ಬೇಡ, ಎರಡೂ ಸೇರಿದರೆ ತಲೆಯೊಳಗೆ ಒತ್ತಡ ಏರಬಹುದು. ತಲೆ ಸಿಡಿದು ಕಣ್ಣು ಮಂಜಾದರೆ ತಡಮಾಡಬೇಡಿ. ಕಾಡ್ ಲಿವರ್ ಎಣ್ಣೆ, ವಿಟಮಿನ್ ಎ ಮಾತ್ರೆ ನಿಲ್ಲಿಸಿ. ತುಟಿ ಒಡೆಯೋದು ಬಹುತೇಕ ಎಲ್ಲರಿಗೂ ಆಗುತ್ತೆ, ಡಿಸೆಂಬರಿನ ಒಣಗಾಳಿಗೆ ಇನ್ನೂ ಜಾಸ್ತಿ. ಪೆಟ್ರೋಲಿಯಂ ಜೆಲ್ಲಿ ಜೇಬಲ್ಲೇ ಇರಲಿ. ಲೆನ್ಸ್ ಹಾಕೋರಿಗೆ ಕಣ್ಣು ಉರಿಯುತ್ತೆ. ರಾತ್ರಿ ಕಣ್ಣು ಮಂದ ಅನ್ನಿಸಿದರೆ ರಿಂಗ್ ರೋಡಲ್ಲಿ ಬೈಕ್ ಬೇಡ, ಡಾಕ್ಟ್ರಿಗೆ ಹೇಳಿ. ಪಾರ್ಲರಲ್ಲಿ ವ್ಯಾಕ್ಸ್ ಮಾಡಿಸಿದರೆ ಚರ್ಮ ಕಿತ್ತು ಬರಬಹುದು. ಕಾಲೇಜಿನ ಶಿಬಿರದಲ್ಲಿ ರಕ್ತದಾನ, ಕೋರ್ಸ್ ಮುಗಿದು ಒಂದು ತಿಂಗಳವರೆಗೆ ಬೇಡ.

ಮುಗಿದ ಮೇಲೆ ಮೊಡವೆ ಮತ್ತೆ ಬಂದರೆ ಎರಡನೇ ಕೋರ್ಸಿಗೆ ಕನಿಷ್ಠ ಎರಡು ತಿಂಗಳು ಬಿಡ್ತಾರೆ. ಅಷ್ಟರೊಳಗೆ ತಾನಾಗೇ ಇಳಿಯೋದೂ ಉಂಟು. ಉಳಿದ ಸ್ಟ್ರಿಪ್ಪನ್ನ ಪಿಜಿಯ ರೂಮ್‌ಮೇಟಿಗೋ ತಂಗಿಗೋ ಕೊಡೋ ಹಾಗಿಲ್ಲ. ಅವಳಿಗೆ ಬಸಿರಿನ ಪರೀಕ್ಷೆ ಆಗಿದೆಯಾ ಅಂತ ಕೇಳೋರು ಅಲ್ಲಿ ಯಾರೂ ಇರಲ್ಲ.