ಕನ್ನಡಿಗೆ ಸಿಗದ ಹಿಂದಲೆ: ಮಣ್ಣಿನ ಶಿಲ್ಪ ಮತ್ತು ‘ನಾನು’

ಮಾನ್ಯರೇ,

ತಮ್ಮ ಮುಖವನ್ನು ತಾವೇ ಬರೆದುಕೊಳ್ಳುವ ಚಿತ್ರಕಾರರಿಗೆ ಒಂದು ಕನ್ನಡಿ ಸಾಕು. ಮಣ್ಣಿನಲ್ಲಿ ತಮ್ಮನ್ನು ರೂಪಿಸಿಕೊಳ್ಳಲು ಹೊರಟ ಶಿಲ್ಪಿಗೆ ಅದು ಅರ್ಧದಾರಿಯಲ್ಲೇ ಕೈಕೊಡುತ್ತದೆ. ಶಿಲ್ಪವನ್ನು ಸುತ್ತಲಿಂದಲೂ ನೋಡುವುದರಿಂದ ಹಿಂದಲೆ, ಕುತ್ತಿಗೆಯ ಹಿಂಬದಿ, ಕಿವಿಯ ಹಿಂದಿನ ತಗ್ಗು ಇವೆಲ್ಲವನ್ನೂ ಮಾಡಲೇಬೇಕು. ಪರಿಚಯದವರೆಲ್ಲ ದಿನವೂ ಕಾಣುವ ಈ ಭಾಗಗಳನ್ನು ನಾವು ಮಾತ್ರ ನೇರವಾಗಿ ಕಂಡಿರುವುದಿಲ್ಲ. ಆಗ ಒಂದು ಕೈಯಿಂದ ತನ್ನ ತಲೆಬುರುಡೆಯನ್ನು ತಡವುತ್ತ ಇನ್ನೊಂದು ಕೈಯಿಂದ ಜೇಡಿಮಣ್ಣನ್ನು ಒತ್ತಬೇಕಾಗುತ್ತದೆ, ಇಲ್ಲವೇ ಪಕ್ಕದಲ್ಲಿರುವವರನ್ನು ಕೇಳಬೇಕಾಗುತ್ತದೆ. ‘ನಾನು’ ಎಂಬುದು ಒಳಗೆ ಮೊದಲೇ ಸಿದ್ಧವಾಗಿರುತ್ತದೆ, ಕಲೆ ಅದನ್ನು ಹೊರಗೆ ತೋರಿಸುತ್ತದೆ ಎಂಬ ಮಾತನ್ನು ನಾನು ಒಪ್ಪದಿರುವುದು ಇದೇ ಕಾರಣಕ್ಕೆ. ಮಣ್ಣಿನ ಕೆಲಸದಲ್ಲಿ ‘ನಾನು’ ಎಂಬುದರ ಬಹುಪಾಲು ಸ್ಪರ್ಶದಿಂದಲೂ ಇತರರ ಕಣ್ಣಿನಿಂದಲೂ ಎರವಲಾಗಿ ಬರುತ್ತದೆ.

ಪ್ರಾಚೀನ ರೋಮಿನ ಲೇಖಕ ಪ್ಲಿನಿ ಹೇಳುವ ಕತೆಯೊಂದಿದೆ. ದೂರ ಹೊರಟಿದ್ದ ಪ್ರಿಯಕರನ ನೆರಳನ್ನು ಯುವತಿಯೊಬ್ಬಳು ದೀಪದ ಬೆಳಕಿನಲ್ಲಿ ಗೋಡೆಯ ಮೇಲೆ ಗೆರೆಯಾಗಿ ಎಳೆದಳು. ಕುಂಬಾರನಾಗಿದ್ದ ಅವಳ ತಂದೆ ಬುಟಾಡೀಸ್ ಆ ಗೆರೆಯೊಳಗೆ ಮಣ್ಣು ತುಂಬಿ ಉಬ್ಬುಶಿಲ್ಪ ಮಾಡಿ, ಅದನ್ನು ಇತರ ಮಣ್ಣಿನ ವಸ್ತುಗಳೊಡನೆ ಸುಟ್ಟನು. ಕತೆ ನಿಜವಿರಲಿಕ್ಕಿಲ್ಲ. ಆದರೆ ಆ ಮುಖ ಯಾರದೋ ಆತ ಅಲ್ಲಿ ಏನನ್ನೂ ಮಾಡುವುದಿಲ್ಲ ಎಂಬುದು ಗಮನಾರ್ಹ: ಗೆರೆ ಪ್ರೀತಿಸಿದವಳದು, ಮಣ್ಣು ಅವಳ ತಂದೆಯದು.

ಮಾಡಿದವರ ಗುರುತಿನ ವಿಷಯವೂ ಇಷ್ಟು ಸರಳವಲ್ಲ. ಇಂದಿನ ಜೆಕ್ ಗಣರಾಜ್ಯದಲ್ಲಿರುವ ಮೊರಾವಿಯಾದ ಡೋಲ್ನಿ ವ್ಯೆಸ್ಟೊನಿಟ್ಸೆಯಲ್ಲಿ 1925ರಲ್ಲಿ ಸಿಕ್ಕ ಸುಟ್ಟಮಣ್ಣಿನ ಸ್ತ್ರೀಮೂರ್ತಿ 25 ಸಾವಿರ ವರ್ಷಗಳಿಗೂ ಹಳೆಯದು. ಎತ್ತರ ಸುಮಾರು 11 ಸೆಂಟಿಮೀಟರ್. ಅದರ ಮುಖದಲ್ಲಿ ಕಣ್ಣಿನ ಜಾಗದ ಎರಡು ಓರೆ ಸೀಳುಗಳ ಹೊರತು ಬೇರೆ ವಿವರವೇ ಇಲ್ಲ, ಆದರೆ ಮೈಮೇಲೆ ಸುಡುವ ಮೊದಲೇ ಮೂಡಿದ ಒಂದು ಬೆರಳಚ್ಚಿದೆ, ಅದು ಮಗುವಿನದೆಂದು ಸಂಶೋಧಕರು ಗುರುತಿಸಿದ್ದಾರೆ. ಆ ಮಗು ಮೂರ್ತಿಯನ್ನು ಮಾಡಿತೋ, ಹಸಿಯಿದ್ದಾಗ ಸುಮ್ಮನೆ ಎತ್ತಿಕೊಂಡಿತೋ ಹೇಳಲಾಗದು. ಯಾರನ್ನೂ ಹೋಲದ ಶಿಲ್ಪದಲ್ಲಿ ಒಬ್ಬ ನಿರ್ದಿಷ್ಟ ವ್ಯಕ್ತಿಯ ಗುರುತು ಉಳಿದಿದೆ, ಅದೂ ಉದ್ದೇಶವಿಲ್ಲದೆ.

ಇದನ್ನೇ ಉದ್ದೇಶಪೂರ್ವಕವಾಗಿ ಬಳಸಿಕೊಂಡವರು ಬ್ರಿಟಿಷ್ ಶಿಲ್ಪಿ ಆಂಟನಿ ಗಾರ್ಮ್ಲಿ. ಅವರ ‘ಫೀಲ್ಡ್ ಫಾರ್ ದಿ ಬ್ರಿಟಿಷ್ ಐಲ್ಸ್’ ಕೃತಿಗಾಗಿ ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಪಟ್ಟಣದ ಜನರು ಸುಮಾರು 40 ಸಾವಿರ ಪುಟ್ಟ ಆಕೃತಿಗಳನ್ನು ಮಾಡಿದರು. ಕೈಗೆ ಹಿಡಿಯುವಷ್ಟು ಗಾತ್ರ, ನೆಟ್ಟಗೆ ನಿಲ್ಲುವ ದೇಹ, ಕಣ್ಣಿಗೆ ಎರಡು ತೂತು: ಇದಕ್ಕಿಂತ ಹೆಚ್ಚಿನ ಸೂಚನೆ ಬೇಕಾಗಲಿಲ್ಲ. ಬಾಯಿ, ಮೂಗು ಇಲ್ಲದಿದ್ದರೂ ಅವು ಒಂದರಂತೆ ಒಂದಿಲ್ಲ, ಏಕೆಂದರೆ ಅಂಗೈಯ ಹಿಡಿತ ಒಬ್ಬೊಬ್ಬರದು ಒಂದೊಂದು ಬಗೆ. ಆದರೂ ಕೃತಿಯ ಮೇಲಿರುವುದು ಗಾರ್ಮ್ಲಿಯವರ ಹೆಸರು ಎಂಬುದನ್ನು, ಕೃತಿಯನ್ನು ಮೆಚ್ಚುತ್ತಲೇ, ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದು ಭಾವಿಸುತ್ತೇನೆ.

ಇನ್ನು ಬೆಂಕಿಯ ವಿಷಯ. ಹಸಿ ಮಣ್ಣಿನಲ್ಲಿ ಮೂಗನ್ನು ಕಿತ್ತು ಮತ್ತೆ ಮೆತ್ತಬಹುದು. ಆವಿಗೆಯಲ್ಲಿ ಕಾವು ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದನ್ನು ನೀರಿನಲ್ಲಿ ನೆನೆಸಿ ಮತ್ತೆ ಮಣ್ಣಾಗಿಸಲು ಆಗದು. ಒಣಗುವಾಗಲೂ ಸುಡುವಾಗಲೂ ಮಣ್ಣು ಕುಗ್ಗುವುದರಿಂದ ತನ್ನದೇ ಅಳತೆಯ ತಲೆ ಬೇಕೆಂದವರು ಅದನ್ನು ತುಸು ದೊಡ್ಡದಾಗಿಯೇ ಮಾಡಬೇಕು. ದಪ್ಪನೆಯ ಗಟ್ಟಿ ತಲೆಯ ಒಳಗೆ ತೇವ ಉಳಿದರೆ ಆವಿಯ ಒತ್ತಡಕ್ಕೆ ಅದು ಸಿಡಿಯುತ್ತದೆ. ಹಾಗಾಗಿ ಒಳಗಿನ ಮಣ್ಣನ್ನು ಕೆರೆದು ತೆಗೆದು ಟೊಳ್ಳು ಮಾಡುವುದು ರೂಢಿ.

ಈ ಟೊಳ್ಳನ್ನು ಮುಚ್ಚಿಡದ ಕಲಾವಿದರೆಂದರೆ ಅಮೆರಿಕದ ರಾಬರ್ಟ್ ಆರ್ನೆಸನ್. ಸಂಕುಚಿತ ಪ್ರಾಂತೀಯ ಅಭಿರುಚಿಯೆಂದು ತಮ್ಮ ಕೃತಿಗಳನ್ನು ಹೀಗಳೆದ ವಿಮರ್ಶೆಗೆ ಉತ್ತರವಾಗಿ 1982ರಲ್ಲಿ ಅವರು ‘ಕ್ಯಾಲಿಫೋರ್ನಿಯಾ ಆರ್ಟಿಸ್ಟ್’ ಎಂಬ ಸ್ವಪ್ರತಿಮೆಯನ್ನು ಮಾಡಿದರು. ಅದರ ತಂಪುಕನ್ನಡಕದ ಹಿಂದೆ ಕಣ್ಣುಗಳಿಲ್ಲ. ಬರಿದಾದ ತಲೆಯ ಒಳಭಾಗ ಕಾಣುತ್ತದೆ. ತಲೆಯಲ್ಲಿ ಏನೂ ಇಲ್ಲವೆಂದ ವಿಮರ್ಶಕರಿಗೆ ಅವರು ವಾದ ಹೂಡಲಿಲ್ಲ, ಇಣುಕಿ ನೋಡಲು ಜಾಗ ಬಿಟ್ಟರು.