ಕಷ್ಟ ಆದರೆ ನಾಲ್ಕು ಪಾಲು ಮಾಡಿ

ಕೇಳುಗರಿಗೆಲ್ಲ ನಮಸ್ಕಾರ. ನಾನು ದಾವಣಗೆರೆಯಲ್ಲಿ ಕಂಪ್ಯೂಟರ್ ಪಾಠ ಮಾಡುವ ಮೇಷ್ಟ್ರು. ಇವತ್ತು ಜಾನ್ ವಾರ್ನಾಕ್ ಅನ್ನುವವರ ಬಗ್ಗೆ ಹೇಳುತ್ತೇನೆ. ಹೆಸರು ಕೇಳಿಲ್ಲ ಅಲ್ವಾ? ಆದರೆ ಅವರ ಕೆಲಸ ನಿಮ್ಮ ಮೊಬೈಲಿನಲ್ಲೇ ಇದೆ. ಪಹಣಿ, ಹಾಲ್ ಟಿಕೆಟ್, ಕರೆಂಟ್ ಬಿಲ್ಲು ಪಿಡಿಎಫ್ ಆಗಿ ಬರುತ್ತವಲ್ಲ, ಆ ಪಿಡಿಎಫ್ ಅವರ ಯೋಚನೆ.

ವಾರ್ನಾಕ್ 1940ರಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಹುಟ್ಟಿದರು. ಒಂಬತ್ತನೇ ತರಗತಿಯಲ್ಲಿ ಬೀಜಗಣಿತ ಫೇಲ್. ಹೌದು, ಫೇಲ್! ಆಮೇಲೆ ಹೈಸ್ಕೂಲಿನಲ್ಲಿ ಒಬ್ಬ ಗಣಿತದ ಮೇಷ್ಟ್ರು ಸಿಕ್ಕರು. ಪುಸ್ತಕದಲ್ಲಿರುವ ಲೆಕ್ಕವನ್ನೆಲ್ಲ ಬಿಡಿಸು, ಒಳ್ಳೆ ಅಂಕ ಕೊಡುತ್ತೇನೆ ಅಂದರು. ಹುಡುಗ ಹಿಡಿದು ಕೂತ. 1969ರಲ್ಲಿ ಅದೇ ಹುಡುಗ ಪಿಎಚ್.ಡಿ. ಪಡೆದ. ಪ್ರಬಂಧ ಬರೀ 32 ಪುಟ.

ಆ 32 ಪುಟದಲ್ಲಿ ಏನಿತ್ತು? ಅದನ್ನು ನಮ್ಮ ಚಿತ್ರದುರ್ಗದ ಕೋಟೆಯಲ್ಲೇ ಹೇಳಬೇಕು.

ಕೆಲವು ವರ್ಷದ ಹಿಂದೆ ವಿದ್ಯಾರ್ಥಿಗಳನ್ನು ಕೋಟೆಗೆ ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನ, ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆವು. ಎದುರಿಗೆ ಬಂಡೆ ಮೇಲೆ ಬಂಡೆ. ನಾನು ಕೇಳಿದೆ: ಯಾವ ಕಲ್ಲು ಮುಂದಿದೆ, ಯಾವುದು ಹಿಂದಿದೆ? ಎಲ್ಲರೂ ನಕ್ಕರು. ಕಣ್ಣಿಗೆ ಕಾಣುತ್ತೆ ಸಾರ್ ಅಂದರು. ಸರಿ, ಇದರ ಚಿತ್ರವನ್ನು ಕಂಪ್ಯೂಟರ್ ಬರೆಯಬೇಕು, ಅದಕ್ಕೆ ಕಣ್ಣಿಲ್ಲ, ಹೇಳಿಕೊಡಿ ಅಂದೆ. ಎಲ್ಲ ಗಪ್‌ಚುಪ್. ಆಗ ಹಿಂದಿನ ಸಾಲಿನಲ್ಲಿ ಮಾತೇ ಆಡದ ಒಬ್ಬ ಹುಡುಗಿ, ಗಣಿತ ಅಂದರೆ ಅಳುತ್ತಿದ್ದವಳು, ನೋಟ್‌ಬುಕ್ಕಿನಲ್ಲಿ ಬೆಟ್ಟದ ಚಿತ್ರ ಬರೆದಳು. ಅದರ ಮೇಲೆ ಒಂದು ಉದ್ದಗೆರೆ, ಒಂದು ಅಡ್ಡಗೆರೆ ಎಳೆದಳು. ನಾಲ್ಕು ಪಾಲು. ಈ ಪಾಲಿನಲ್ಲಿ ಬರೀ ಆಕಾಶ, ಮುಗೀತು. ಇದರಲ್ಲಿ ಒಂದೇ ಬಂಡೆ, ಮುಗೀತು. ಇದರಲ್ಲಿ ಮಾತ್ರ ಗೊಂದಲ, ಮತ್ತೆ ನಾಲ್ಕು ಪಾಲು ಮಾಡಿದಳು. ಗೊಂದಲ ಇದ್ದ ಕಡೆ ಮತ್ತೆ ನಾಲ್ಕು. ಕೊನೆಗೆ ಉಳಿಯುವುದು ಒಂದು ಚುಕ್ಕೆ. ಒಂದು ಚುಕ್ಕೆಯಲ್ಲಿ ಯಾವ ಕಲ್ಲು ಮುಂದಿದೆ ಅಂತ ಹೇಳುವುದು ಕಷ್ಟವೇ ಅಲ್ಲ.

ನನಗೆ ಮೈ ಜುಮ್ ಅಂತು. ವಾರ್ನಾಕ್ ಆ 32 ಪುಟದಲ್ಲಿ ಮಾಡಿದ್ದೂ ಇದನ್ನೇ! ಆ ಹುಡುಗಿ ಅವರ ಹೆಸರೂ ಕೇಳಿರಲಿಲ್ಲ. ಕಷ್ಟ ಆದರೆ ನಾಲ್ಕು ಪಾಲು ಮಾಡಿ, ಇನ್ನೂ ಕಷ್ಟವೇ, ಮತ್ತೆ ನಾಲ್ಕು ಪಾಲು ಮಾಡಿ. ಈ ಹುಡುಗಿಗೆ ಗಣಿತ ಹತ್ತಲ್ಲ ಅಂತ ಯಾರೋ ಮೊದಲೇ ಸೀಲು ಒತ್ತಿ ಕಳಿಸಿದ್ದರು. ದಯವಿಟ್ಟು ಹಾಗೆ ಸೀಲು ಒತ್ತಬೇಡಿ. ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಸಮಯ ಕಮ್ಮಿ ಇದೆ, ಬೇಗ ಹೇಳುತ್ತೇನೆ. ವಾರ್ನಾಕ್ ಆಮೇಲೆ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರ ಸೇರಿದರು. ನಾವು ಅಂಗಡಿಗೆ ಹೋಗಿ ಜೆರಾಕ್ಸ್ ಮಾಡಿಸುತ್ತೇವಲ್ಲ, ಅದೇ ಜೆರಾಕ್ಸ್. ಅಲ್ಲಿ ಅಕ್ಷರ, ಚಿತ್ರಗಳನ್ನು ಪ್ರಿಂಟರಿಗೆ ವಿವರಿಸುವ ಒಂದು ಭಾಷೆ ಕಟ್ಟಿದರು. ಕಂಪನಿ ಅದನ್ನು ಮಾರುಕಟ್ಟೆಗೆ ತರಲಿಲ್ಲ. 1982ರಲ್ಲಿ ವಾರ್ನಾಕ್ ಮತ್ತು ಅಲ್ಲೇ ಕೆಲಸಕ್ಕಿದ್ದ ಚಾರ್ಲ್ಸ್ ಗೆಶ್ಕಿ ಹೊರಬಂದು ಅಡೋಬಿ ಕಂಪನಿ ಶುರು ಮಾಡಿದರು. ಆಗ ವಾರ್ನಾಕ್‌ಗೆ 42 ವರ್ಷ. ಅಡೋಬಿ ಅನ್ನುವುದು ಅವರ ಮನೆ ಹಿಂದೆ ಹರಿಯುವ ಹಳ್ಳದ ಹೆಸರು. ಅಡೋಬಿಯಲ್ಲಿ ಅವರು ಹೊಸದಾಗಿ ಕಟ್ಟಿದ ಪೋಸ್ಟ್‌ಸ್ಕ್ರಿಪ್ಟ್ ಭಾಷೆ 1985ರಲ್ಲಿ ಆಪಲ್ ಕಂಪನಿಯ ಲೇಸರ್ ಪ್ರಿಂಟರಿನೊಳಗೆ ಕೂತಿತು. ಅಕ್ಷರವನ್ನು ಗೆರೆಗಳಾಗಿ ಹೇಳುವ ಭಾಷೆ ಅದು. ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಅಚ್ಚುಮೊಳೆ ಜೋಡಿಸಿದ ಪ್ರೆಸ್ಸಿನವರಿಗೆ ಇದರ ಬೆಲೆ ಗೊತ್ತು.

ಪಿಡಿಎಫ್ ಬಂದದ್ದು 1993ರಲ್ಲಿ. ಯಾವ ಯಂತ್ರದಲ್ಲಿ ತೆರೆದರೂ ಪುಟ ಹಾಗೇ ಕಾಣಬೇಕು, ಅಷ್ಟೇ ಅವರ ಹಟ. ವಾರ್ನಾಕ್ 2023ರ ಆಗಸ್ಟಿನಲ್ಲಿ ತೀರಿಕೊಂಡರು.

ಆ ಹುಡುಗಿಯ ನೋಟ್‌ಬುಕ್ ಹಾಳೆ ಈಗಲೂ ನನ್ನ ಮೇಜಿನ ಗಾಜಿನ ಕೆಳಗಿದೆ. ನಮಸ್ಕಾರ.